ವಿಎಫ್‌ಎಕ್ಸ್ ಕೋರ್ಸು ಮುಗಿಯಿತು, ಮುಂದೇನು?

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಶಿಕ್ಷಣ ಪುರವಣಿಯಲ್ಲಿ ಅನಿಮೇಶನ್ ಮತ್ತು ವಿಎಫ್‌ಎಕ್ಸ್ (ಸಿನಿಮಾ ದೃಶ್ಯಗಳಿಗೆ ಕಂಪ್ಯೂಟರ್‌ನಲ್ಲಿ ಮಾಡುವ ಗ್ರಾಫಿಕ್ಸ್) ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಅದರ ಕೆಳಗೇ 'ನೂರಕ್ಕೆ ನೂರು ಕೆಲಸ ಗ್ಯಾರಂಟಿ, ಸಿನಿಮಾ ರಂಗಕ್ಕೆ ನೇರ ಪ್ರವೇಶ' ಅಂತ ಒಂದು ಜಾಹೀರಾತು. ಎರಡೂ ಒಂದೇ ಧಾಟಿಯಲ್ಲಿದ್ದವು. ಲೇಖನ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಶುರುವಾಯಿತು ಅಂತ ಎರಡು ಸಲ ನೋಡಬೇಕಾಯಿತು. ಬೈಯಲು ಬರೆಯುತ್ತಿಲ್ಲ, ಸರ್. ನಾನು ಇದೇ ಕೆಲಸದಲ್ಲಿರುವವನು. ಹುಬ್ಬಳ್ಳಿಯಲ್ಲೇ ಕೋರ್ಸು ಮಾಡಿದೆ, ಬೆಂಗಳೂರಿನ ಸ್ಟುಡಿಯೊಗಳಲ್ಲಿ ರೋಟೊದಿಂದ (ನಟನನ್ನು ಹಿನ್ನೆಲೆಯಿಂದ ಬಿಡಿಸುವ ಕೆಲಸ) ಶುರುಮಾಡಿ ಕಂಪೋಸಿಟಿಂಗ್‌ವರೆಗೆ (ಎಲ್ಲವನ್ನೂ ಒಂದೇ ಚಿತ್ರವಾಗಿ ಜೋಡಿಸುವ ಕೆಲಸ) ಬಂದೆ, ಈಗ ಊರಿಗೆ ವಾಪಸ್ ಬಂದು ವಿದ್ಯಾನಗರದ ಮನೆಯಿಂದಲೇ ಕನ್ನಡ, ತೆಲುಗು ಚಿತ್ರಗಳ ಶಾಟ್ ಮಾಡಿಕೊಡುತ್ತೇನೆ. ಆ ಪುರವಣಿ ಬಂದಾಗಿನಿಂದ ಪರಿಚಯದವರ ಫೋನು ಜಾಸ್ತಿಯಾಗಿದೆ. "ತಮ್ಮಾ, ನಮ್ಮ ಹುಡುಗ ಸಿನಿಮಾದಾಗ ಗ್ರಾಫಿಕ್ಸ್ ಮಾಡ್ತೀನಂತ ಹಟ ಹಿಡದಾನ. ಎರಡು ಲಕ್ಷ ಅಂತಾರ. ಕಟ್ಟಲೇನು?" ಅಂತ ಗದಗಿನಿಂದ ಒಬ್ಬರು ಕಾಕಾ ಕೇಳಿದರು. ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನಿಸಿತು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಕೋರ್ಸು ಕೆಟ್ಟದ್ದು, ಯಾರೂ ಸೇರಬೇಡಿ ಅಂತ ನಾನು ಹೇಳುವುದಿಲ್ಲ. ಕೋರ್ಸಿಗೂ ಕೆಲಸಕ್ಕೂ ನಡುವೆ ಒಂದು ದೊಡ್ಡ ಅಂತರವಿದೆ. ಅದನ್ನು ಹುಡುಗ ಒಬ್ಬನೇ ದಾಟಬೇಕು. ಫೀಸು ತೆಗೆದುಕೊಳ್ಳುವ ದಿನ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ಸಿನಿಮಾ ಕೆಲಸ ಅಂದರೆ ಸೆಟ್ಟು, ಕ್ಯಾಮೆರಾ, ನಾಯಕನ ಜೊತೆ ಒಂದು ಸೆಲ್ಫಿ ಅಂತ ಮನೆಯವರು ಅಂದುಕೊಂಡಿರುತ್ತಾರೆ. ವಿಎಫ್‌ಎಕ್ಸ್‌ನಲ್ಲಿ ಕೆಲಸ ಮಾಡುವ ಹೆಚ್ಚಿನವರು ಶೂಟಿಂಗ್ ಸೆಟ್ಟನ್ನು ಕಣ್ಣಿಂದ ನೋಡಿರುವುದೇ ಇಲ್ಲ. ಹೊಸಬರಿಗೆ ಸಿಗುವ ಮೊದಲ ಕೆಲಸ ಸಾಮಾನ್ಯವಾಗಿ ರೋಟೊ. ನಾಯಕ ಬೀದಿಯಲ್ಲಿ ಓಡುತ್ತಿದ್ದಾನೆ, ಆ ಬೀದಿ ತೆಗೆದು ಬೇರೆ ಊರು ಕೂರಿಸಬೇಕು, ಹಸಿರು ಪರದೆ ಹಾಕಿ ಶೂಟ್ ಮಾಡಿಲ್ಲ ಅಂದುಕೊಳ್ಳಿ. ಆಗ ನಾಯಕನ ಸುತ್ತ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬಿಡಿಸಬೇಕು. ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ತಲೆಗೆ ಒಂದು ಶೇಪ್, ತೋಳಿಗೆ ಒಂದು, ಮುಂಗೈಗೆ ಒಂದು, ಬೆರಳಿಗೆ ಒಂದೊಂದು, ಹಾರುವ ಅಂಗಿಯ ಚುಂಗಿಗೆ ಇನ್ನೊಂದು. ಕೈ ಬೀಸಿದಾಗ ಅಂಚು ಮಸುಕಾಗುತ್ತದಲ್ಲ, ಆ ಮಸುಕೂ ಅಷ್ಟೇ ಅಳತೆಯಲ್ಲಿ ಬರಬೇಕು. ಗೆರೆ ಒಂದು ಫ್ರೇಮಿನಲ್ಲಿ ಒಂದು ಪಿಕ್ಸೆಲ್ ಒಳಗೆ, ಮುಂದಿನ ಫ್ರೇಮಿನಲ್ಲಿ ಒಂದು ಪಿಕ್ಸೆಲ್ ಹೊರಗೆ ಹೋದರೂ ದೊಡ್ಡ ತೆರೆಯ ಮೇಲೆ ಅಂಚು ಗಿಜಿಗಿಜಿ ನಡುಗುತ್ತದೆ. ತಂಡದ ಮುಖ್ಯಸ್ಥ, ಅಂದರೆ ಲೀಡ್, ಒಂದು ಸಾಲಿನ ಫೀಡ್‌ಬ್ಯಾಕ್ ಹಾಕಿ ವಾಪಸ್ ಕಳಿಸುತ್ತಾನೆ. ಮತ್ತೆ ಮಾಡು, ಮತ್ತೆ ಕಳಿಸು. ಚೆನ್ನಾಗಿ ಮಾಡಿದರೆ ನೋಡಿದವರಿಗೆ ನೀನು ಏನೋ ಮಾಡಿದ್ದೀಯ ಅಂತ ಗೊತ್ತೇ ಆಗುವುದಿಲ್ಲ. ಗೊತ್ತಾದರೆ ಕೆಲಸ ಕೆಟ್ಟಿದೆ ಅಂತ ಅರ್ಥ.

ಇದರ ಪಕ್ಕದ್ದು ಪೇಂಟ್. ರಾಜರ ಕಾಲದ ಕಥೆ, ಫ್ರೇಮಿನಲ್ಲಿ ಕರೆಂಟ್ ಕಂಬ, ಮೊಬೈಲ್ ಟವರ್. ಅದನ್ನು ಅಳಿಸಬೇಕು. ಫೈಟ್ ಸೀನಿನಲ್ಲಿ ಕಟ್ಟಿದ ಹಗ್ಗ ಅಳಿಸಬೇಕು. ಆಮೇಲೆ ಮ್ಯಾಚ್‌ಮೂವ್. ನಿಜವಾದ ಕ್ಯಾಮೆರಾ ಹೇಗೆ ಅಲುಗಾಡಿತೋ ಹಾಗೇ ಕಂಪ್ಯೂಟರ್ ಒಳಗಿನ ಕ್ಯಾಮೆರಾವನ್ನೂ ಅಲುಗಾಡಿಸುವುದು. ಮಾಡೆಲಿಂಗ್, ರಿಗ್ಗಿಂಗ್, ಅನಿಮೇಶನ್, ಲೈಟಿಂಗ್, ಬೆಂಕಿ-ಹೊಗೆ-ನೀರಿನ ಎಫ್‌ಎಕ್ಸ್, ಇವೆಲ್ಲ ಬೇರೆ ಬೇರೆ ವಿಭಾಗ. ಕೊನೆಗೆ ಎಲ್ಲವನ್ನೂ ಒಂದೇ ಚಿತ್ರವಾಗಿ ಜೋಡಿಸುವವನು ಕಂಪೋಸಿಟರ್. ಸಂಸ್ಥೆಗಳು ಒಂದೇ ವರ್ಷದಲ್ಲಿ ಇದೆಲ್ಲವನ್ನೂ ಕಲಿಸುತ್ತೇವೆ ಅಂತ ಹೇಳುತ್ತವೆ. ಎಲ್ಲದರ ಮೇಲೆ ಒಂದು ಸಲ ಕೈಯಾಡಿಸುತ್ತಾರೆ, ಅಷ್ಟೇ. ಸ್ಟುಡಿಯೊದಲ್ಲಿ ಯಾರೂ 'ವಿಎಫ್‌ಎಕ್ಸ್ ಬರುವ ಹುಡುಗ ಬೇಕು' ಅಂತ ಕೇಳುವುದಿಲ್ಲ. ರೋಟೊ ಬರುವವನು ಬೇಕು, ಎಫ್‌ಎಕ್ಸ್ ಬರುವವನು ಬೇಕು ಅಂತಲೇ ಕೇಳುತ್ತಾರೆ.

ಕಲಿಸುವುದು ಬಹುಪಾಲು ಸಾಫ್ಟ್‌ವೇರ್. ಈ ಬಟನ್ ಒತ್ತಿದರೆ ಇದು, ಆ ನೋಡ್ ಹಾಕಿದರೆ ಅದು. ಬಟನ್ ಕಲಿಯಲು ಈಗ ದುಡ್ಡು ಬೇಕಾಗಿಲ್ಲ ರೀ. ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯ ಒಳಗೇ ಕಂಪೋಸಿಟಿಂಗ್ ಮಾಡುವ ಫ್ಯೂಶನ್ ಇದೆ. ದೊಡ್ಡ ಸ್ಟುಡಿಯೊಗಳು ಬಳಸುವ ನ್ಯೂಕ್‌ಗೆ ವಾಣಿಜ್ಯೇತರ ಉಚಿತ ಆವೃತ್ತಿ ಇದೆ, ಹೂಡಿನಿಗೆ ಅಪ್ರೆಂಟಿಸ್ ಅಂತ ಉಚಿತ ಆವೃತ್ತಿ ಇದೆ. ಇಷ್ಟಿದ್ದೂ ಕೆಲವು ಕಡೆ ಕದ್ದ ಸಾಫ್ಟ್‌ವೇರ್ ಹಾಕಿ ಪಾಠ ಮಾಡಿ, ಅದಕ್ಕೂ ಫೀಸು ತೆಗೆದುಕೊಳ್ಳುತ್ತಾರೆ.

ದುಡ್ಡು ಕೊಟ್ಟು ಕಲಿಯಬೇಕಾದದ್ದು ನೋಡುವುದನ್ನು. ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಡಗಿ ಮಾರುಕಟ್ಟೆಗೆ ಸೀಸನ್ನಿನಲ್ಲಿ ಹೋಗಿ ನೋಡಿ. ಬಿಸಿಲಲ್ಲಿ ಮೆಣಸಿನಕಾಯಿ ರಾಶಿ ಬಿದ್ದಿರುತ್ತದೆ. ಅದರ ಪಕ್ಕ ಬಿಳಿ ಅಂಗಿ ಹಾಕಿ ನಿಂತವರ ಗದ್ದದ ಕೆಳಗೆ, ತೋಳಿನ ಒಳಭಾಗದಲ್ಲಿ ಕೆಂಪು ಛಾಯೆ ಇರುತ್ತದೆ. ರಾಶಿಯಿಂದ ಪುಟಿದು ಬಂದ ಬೆಳಕು ಅದು. ಈಗ ಅದೇ ಮನುಷ್ಯನನ್ನು ಸ್ಟುಡಿಯೊದಲ್ಲಿ ಹಸಿರು ಪರದೆಯ ಮುಂದೆ ಶೂಟ್ ಮಾಡಿ, ಹಿಂದೆ ಮೆಣಸಿನಕಾಯಿ ರಾಶಿ ಕೂರಿಸಿದರೆ ಏನೋ ಒಂದು ಸರಿ ಇಲ್ಲ ಅನಿಸುತ್ತದೆ. ಏನು ಅಂತ ಪ್ರೇಕ್ಷಕನಿಗೆ ಹೇಳಲು ಬರುವುದಿಲ್ಲ. ಕಂಪೋಸಿಟರ್‌ಗೆ ಬರಬೇಕು. ಆ ಕೆಂಪನ್ನು ಗದ್ದದ ಕೆಳಗೆ ತಂದು ಹಾಕುವವನಿಗೇ ಸಂಬಳ. ಹಾಗೇ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದ ದಿನ ನೆರಳೇ ಬೀಳುವುದಿಲ್ಲ, ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತದೆ. ಅಂಥ ಶಾಟ್‌ನಲ್ಲಿ ಕಂಪ್ಯೂಟರ್ ಕಾರಿನ ಕೆಳಗೆ ಗಟ್ಟಿ ಕಪ್ಪು ನೆರಳು ಹಾಕಿದರೆ ಕೆಲಸ ಕೆಟ್ಟಿತು. ಇದನ್ನು ಯಾವ ಸಾಫ್ಟ್‌ವೇರ್ ಕಲಿಸುತ್ತದೆ ಹೇಳಿ?

ಕಲಿಸುವವರು ನಮ್ಮ ಕಡೆ ಇದ್ದಾರೆ, ಆದರೆ ಬೇರೆ ಕಟ್ಟಡದಲ್ಲಿದ್ದಾರೆ. ಧಾರವಾಡದಲ್ಲಿ ಕಲಾವಿದ ಹಾಲಭಾವಿಯವರು ಕಟ್ಟಿದ ಚಿತ್ರಕಲಾ ಶಾಲೆ, ಗದಗಿನಲ್ಲಿ ಕಲಾವಿದ ಅಕ್ಕಿಯವರ ವಿಜಯ ಕಲಾ ಮಂದಿರ, ಇವೆಲ್ಲ ತಲೆಮಾರುಗಟ್ಟಲೆ ಹುಡುಗರಿಗೆ ಬೆಳಕು-ನೆರಳು, ದೂರ-ಹತ್ತಿರ ಕಲಿಸಿವೆ. ಕಂಪನಿ ನಾಟಕಗಳಿಗೆ ಅರಮನೆ, ಕಾಡು, ಬೀದಿ ಅಂತ ಪರದೆ ಬರೆಯುತ್ತಿದ್ದ ಕೈಗಳು ಈ ಭಾಗದವೇ. ಶಾಟ್‌ನ ಹಿನ್ನೆಲೆಯನ್ನು ಚಿತ್ರವಾಗಿ ಬರೆದು ಕೂರಿಸುವ ಮ್ಯಾಟ್ ಪೇಂಟಿಂಗ್ ಅನ್ನುವುದು ಆ ಪರದೆಯ ಮೊಮ್ಮಗ. ಚಿತ್ರಕಲೆ ಓದಿದ ಹುಡುಗರು ಡ್ರಾಯಿಂಗ್ ಮಾಸ್ತರ ಹುದ್ದೆಗೆ ಕಾಯುತ್ತಾ ಕೂತಿರುತ್ತಾರೆ, ಇತ್ತ ವಿಎಫ್‌ಎಕ್ಸ್ ಸಂಸ್ಥೆಗಳಲ್ಲಿ ಪೆನ್ಸಿಲ್ ಹಿಡಿಯದ ಹುಡುಗರಿಗೆ ಮೌಸ್ ಕೊಟ್ಟು ಕೂರಿಸುತ್ತಾರೆ. ಇವರಿಬ್ಬರ ನಡುವೆ ಒಂದು ಆಟೊ ದೂರ ಅಷ್ಟೇ ಇದೆ. ಯಾರೂ ಜೋಡಿಸುತ್ತಿಲ್ಲ. ನನಗೆ ಎಲ್ಲಕ್ಕಿಂತ ಬೇಜಾರು ಆಗುವುದು ಇದಕ್ಕೇ.

ಇನ್ನು ಶೋರೀಲ್ ವಿಷಯ, ಅಂದರೆ ಮಾಡಿದ ಕೆಲಸ ಜೋಡಿಸಿ ತೋರಿಸುವ ಸಣ್ಣ ವಿಡಿಯೊ. ಈ ರಂಗದಲ್ಲಿ ಮಾರ್ಕ್ಸ್ ಕಾರ್ಡ್ ಕೇಳುವವರು ಕಡಿಮೆ. ನಿನ್ನ ರೀಲ್ ಕಳಿಸು ಅಂತಾರೆ. ಒಂದೂವರೆ ನಿಮಿಷ ಸಾಕು. ನೋಡುವವನ ಮುಂದೆ ಅವತ್ತು ಅಂಥವು ರಾಶಿ ಬಿದ್ದಿರುತ್ತವೆ, ಮೊದಲ ಹದಿನೈದು ಸೆಕೆಂಡಿನಲ್ಲಿ ಹಿಡಿಸದಿದ್ದರೆ ಮುಂದಿನದಕ್ಕೆ ಹೋಗುತ್ತಾನೆ. ಹಾಗಾಗಿ ಒಳ್ಳೆಯ ಶಾಟ್ ಮೊದಲು ಬರಬೇಕು, ಕೊನೆಗೆ ತೋರಿಸೋಣ ಅಂತ ಎತ್ತಿಟ್ಟುಕೊಳ್ಳಬಾರದು. ಹೆಸರನ್ನು ಬೆಂಕಿಯಲ್ಲಿ ಉರಿಸಿ ಹತ್ತು ಸೆಕೆಂಡು ತೋರಿಸುವುದು ಬೇಡ. ಜೋರು ಹಾಡು ಬೇಡ, ಹೆಚ್ಚಿನವರು ಸೌಂಡ್ ಬಂದ್ ಮಾಡಿಯೇ ನೋಡುತ್ತಾರೆ. ಮೂಲ ಶಾಟ್ ಹೇಗಿತ್ತು, ನೀನು ಏನು ಮಾಡಿದೆ, ಕೊನೆಗೆ ಹೇಗಾಯಿತು ಅಂತ ಬಿಡಿಸಿ ತೋರಿಸಬೇಕು. ನೀನು ರೋಟೊ ಮಾತ್ರ ಮಾಡಿದ್ದರೆ ರೋಟೊ ಮಾತ್ರ ಅಂತ ಬರೆಯಬೇಕು. ಬೇರೆಯವರ ಶಾಟ್ ಹಾಕಿಕೊಂಡರೆ ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತಾರೆ. ಇದು ಸಣ್ಣ ಊರು ಇದ್ದಂಗೆ, ಎಲ್ಲರಿಗೂ ಎಲ್ಲರೂ ಗೊತ್ತು.

ನಮ್ಮ ಸಂಸ್ಥೆಗಳ ದೊಡ್ಡ ತೊಂದರೆ ಏನೆಂದರೆ ಒಂದು ಬ್ಯಾಚಿನ ಎಲ್ಲರ ರೀಲೂ ಒಂದೇ. ಅದೇ ಡೈನೋಸಾರ್, ಅದೇ ರೋಬೊ, ಅದೇ ಸಿಡಿಯುವ ಕಟ್ಟಡ, ಇಂಟರ್‌ನೆಟ್‌ನಲ್ಲಿ ಸಿಗುವ ಅದೇ ಅಭ್ಯಾಸದ ತುಣುಕು. ಯಾವ ಸಂಸ್ಥೆಯ ಹುಡುಗ ಅಂತ ರೀಲ್ ನೋಡಿಯೇ ಹೇಳಿಬಿಡಬಹುದು. ಹುಡುಗರಿಗೆ ನಾನು ಹೇಳುವುದು, ಮೊಬೈಲ್ ಹಿಡಿದು ಹೊರಗೆ ಹೋಗಿ. ಕಪ್ಪತಗುಡ್ಡದ ಒಂದು ಶಾಟ್ ತೆಗೆದು ಅದರಲ್ಲಿರುವ ಗಾಳಿಯಂತ್ರಗಳನ್ನು ಒಂದೂ ಉಳಿಯದಂತೆ ಅಳಿಸಿ. ರೆಕ್ಕೆ ತಿರುಗುತ್ತಿರುತ್ತದೆ, ಮೋಡ ಓಡುತ್ತಿರುತ್ತದೆ, ಕೈ ಅಲುಗಾಡಿರುತ್ತದೆ. ಇದಕ್ಕಿಂತ ಒಳ್ಳೆಯ ಪೇಂಟ್ ಪರೀಕ್ಷೆ ಯಾವ ಸ್ಟುಡಿಯೊವೂ ಕೊಡುವುದಿಲ್ಲ. ಉಣಕಲ್ ಕೆರೆ ದಂಡೆಯಲ್ಲಿ ನಿಂತು ನೀರಿನ ಮೇಲೆ ಒಂದು ದೋಣಿ ಕೂರಿಸಿ, ಅದರ ಪ್ರತಿಬಿಂಬ ಅಲೆಯ ಜೊತೆ ಒಡೆಯುವ ಹಾಗೆ ಮಾಡಿ. ಚೆನ್ನಮ್ಮ ವೃತ್ತದ ಸಂಜೆಯ ಟ್ರಾಫಿಕ್‌ನಲ್ಲಿ ಕ್ಯಾಮೆರಾ ಹಿಡಿದು ನಡೆದು, ಅದಕ್ಕೆ ಮ್ಯಾಚ್‌ಮೂವ್ ಮಾಡಿ ನೋಡಿ. ಟ್ರ್ಯಾಕ್ ಮಾಡಲು ಹಿಡಿದ ಬಿಂದುಗಳನ್ನೆಲ್ಲ ಬಸ್ಸು, ಆಟೊ ಬಂದು ಮುಚ್ಚುತ್ತಿರುತ್ತವೆ, ಅಳು ಬರುತ್ತದೆ, ಆದರೆ ಬಂದರೆ ಕೆಲಸ ಬಂದ ಹಾಗೆ. ಒಳ್ಳೆ ಕ್ಯಾಮೆರಾದ ಶಾಟ್ ಬೇಕೆಂದರೆ ಬ್ಲೆಂಡರ್ ಸಂಸ್ಥೆ 2012ರಲ್ಲಿ ಮಾಡಿದ ಟಿಯರ್ಸ್ ಆಫ್ ಸ್ಟೀಲ್ ಕಿರುಚಿತ್ರದ ಮೂಲ ಶಾಟ್‌ಗಳು ಉಚಿತವಾಗಿ ಸಿಗುತ್ತವೆ.

ರೀಲ್ ಒಪ್ಪಿಗೆಯಾದರೆ ಟೆಸ್ಟ್ ಕೊಡುತ್ತಾರೆ. ಒಂದು ಶಾಟ್, ಒಂದು ಗಡುವು. ಅದು ಪಾಸಾದರೆ ಕೆಲಸ. ಇಲ್ಲಿ ಕೆಲವು ಬಲೆಗಳಿವೆ, ನಮ್ಮ ಕಡೆ ಹುಡುಗರು ಸುಮ್ನೆ ಬಿದ್ದುಬಿಡುತ್ತಾರೆ. ತರಬೇತಿ ಅಂತ ತಿಂಗಳುಗಟ್ಟಲೆ ಸಂಬಳವಿಲ್ಲದೆ ನಿಜವಾದ ಸಿನಿಮಾದ ಶಾಟ್ ಮಾಡಿಸಿಕೊಳ್ಳುವವರಿದ್ದಾರೆ. ಬಾಂಡ್ ಬರೆಸಿಕೊಳ್ಳುತ್ತಾರೆ, ನಡುವೆ ಬಿಟ್ಟರೆ ಇಷ್ಟು ಲಕ್ಷ ಕಟ್ಟು ಅಂತ. ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಇಟ್ಟುಕೊಳ್ಳುವವರೂ ಇದ್ದಾರೆ. ನನ್ನ ಜೊತೆ ಕೋಣೆಯಲ್ಲಿದ್ದ ಹಾವೇರಿ ಕಡೆಯ ಹುಡುಗ ಒಂದು ಸಣ್ಣ ಸ್ಟುಡಿಯೊದಲ್ಲಿ ಅಂಕಪಟ್ಟಿ ಕೊಟ್ಟು, ಸಂಬಳ ನಿಂತ ಮೇಲೂ ಅದನ್ನು ಬಿಡಿಸಿಕೊಳ್ಳಲು ಅಲೆದಾಡಿದ್ದು ನನಗೆ ಗೊತ್ತು. ಝೆರಾಕ್ಸ್ ಕೊಡಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ. ಬೇಕೇ ಬೇಕು ಅಂದರೆ ಆ ಕೆಲಸ ಬೇಡ.

ಸಂಬಳದ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇನೆ. ನಾನು ನೋಡಿದ ಮಟ್ಟಿಗೆ ರೋಟೊಗೆ ಸೇರುವ ಹೊಸಬನಿಗೆ ತಿಂಗಳಿಗೆ ಹದಿನೈದು ಸಾವಿರದ ಆಸುಪಾಸು ಸಿಕ್ಕರೆ ಪರವಾಗಿಲ್ಲ. ಬೆಂಗಳೂರಿನ ಪಿಜಿ, ಊಟ, ಬಸ್ಸು ಕಳೆದರೆ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಮೊದಲ ವರ್ಷ ಮನೆಯಿಂದ ದುಡ್ಡು ತರಿಸಿಕೊಳ್ಳುವವರೇ ಜಾಸ್ತಿ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಮೊದಲ ತಿಂಗಳಿಂದಲೇ ಕಂತು ತೀರುತ್ತದೆ ಅಂತ ಕಾದರೆ ಮನೆಯಲ್ಲಿ ಜಗಳ ಗ್ಯಾರಂಟಿ. ಆ ಗ್ಯಾರಂಟಿಯನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ಎರಡು-ಮೂರು ವರ್ಷ ತಡೆದು, ಕೈ ಪಳಗಿ, ಕಂಪ್ (ಕಂಪೋಸಿಟಿಂಗ್) ಅಥವಾ ಎಫ್‌ಎಕ್ಸ್ ಕಡೆ ಹೋದವರ ಸ್ಥಿತಿ ಬೇರೆ, ಅವರು ಚೆನ್ನಾಗಿಯೇ ದುಡಿಯುತ್ತಾರೆ.

ತೆರೆಯ ಮೇಲೆ ಹೆಸರು? ಅದನ್ನೂ ನಂಬಿ ಕೂರಬೇಡಿ. ದೊಡ್ಡ ಚಿತ್ರದ ಕೆಲಸ ಒಂದು ಕಂಪನಿಗೆ ಬರುತ್ತದೆ, ಅವರು ಸ್ವಲ್ಪ ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ರೋಟೊ ಮಾತ್ರ ಮತ್ತೊಬ್ಬರಿಗೆ. ಹೆಸರಿಗೆ ಸಿಗುವ ಜಾಗ ಲೆಕ್ಕದ್ದು. ಕೊನೆಯ ಕೊಂಡಿಯಲ್ಲಿ ಕೂತು ರಾತ್ರಿಯೆಲ್ಲ ಮಾಡಿದ ಹುಡುಗನ ಹೆಸರು ಎಷ್ಟೋ ಸಲ ಬರುವುದೇ ಇಲ್ಲ. ಅವ್ವನನ್ನು ಥಿಯೇಟರ್‌ಗೆ ಕರೆದುಕೊಂಡು ಹೋಗಿ, ಲೈಟು ಹತ್ತಿ ಜನರೆಲ್ಲ ಎದ್ದು ಹೋದ ಮೇಲೂ ಹೆಸರುಗಳನ್ನು ಓದುತ್ತಾ ಕೂತವರನ್ನು ಕೇಳಿ. ಮಾಡಿದ ಶಾಟ್ ಅನ್ನು ಯಾರಿಗೂ ತೋರಿಸುವಂತೆಯೂ ಇಲ್ಲ. ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ, ವಿದೇಶಿ ಚಿತ್ರ ಮಾಡುವ ಸ್ಟುಡಿಯೊಗಳಲ್ಲಿ ಮೊಬೈಲ್ ಹೊರಗಿಟ್ಟೇ ಒಳಗೆ ಹೋಗಬೇಕು. ಚಿತ್ರ ಬಿಡುಗಡೆಯಾಗಿ ಕಂಪನಿ ಒಪ್ಪಿದ ಮೇಲೆಯೇ ರೀಲ್‌ಗೆ ಹಾಕಿಕೊಳ್ಳಬಹುದು.

ಕನ್ನಡ ಚಿತ್ರದ ಕೆಲಸವೂ ವಿದೇಶಿ ಚಿತ್ರದ ಕೆಲಸವೂ ಎರಡು ಬೇರೆ ಲೋಕ. ವಿದೇಶಿ ಕೆಲಸದಲ್ಲಿ ಒಬ್ಬನಿಗೆ ಒಂದೇ ಕೆಲಸ, ತಿಂಗಳುಗಟ್ಟಲೆ. ಶಿಸ್ತು ಕಲಿಯುತ್ತೀರಿ, ಆದರೆ ಪೂರ್ತಿ ಚಿತ್ರ ಏನು ಅಂತ ಗೊತ್ತೇ ಆಗುವುದಿಲ್ಲ. ಕನ್ನಡ ಚಿತ್ರದಲ್ಲಿ ಬಜೆಟ್ ಕಡಿಮೆ, ಜನ ಕಡಿಮೆ, ಒಬ್ಬನೇ ರೋಟೊ, ಪೇಂಟ್, ಕಂಪ್ ಎಲ್ಲ ಮಾಡುತ್ತಾನೆ. ಬಿಡುಗಡೆ ದಿನ ಮೊದಲೇ ಘೋಷಣೆ ಆಗಿರುತ್ತದೆ, ಎಡಿಟಿಂಗ್ ತಡವಾಗಿ ನಮ್ಮ ಕೈಗೆ ಬರುತ್ತದೆ, ಕಳೆದುಹೋದ ದಿನಗಳನ್ನೆಲ್ಲ ವಿಎಫ್‌ಎಕ್ಸ್‌ನವರ ನಿದ್ದೆಯಿಂದ ಕಡಿದುಕೊಳ್ಳುತ್ತಾರೆ. ಆದರೂ ನಿರ್ದೇಶಕರ ಜೊತೆ ನೇರ ಮಾತು ಇರುತ್ತದೆ, ಮಾಡಿದ್ದು ಊರ ಥಿಯೇಟರ್‌ನಲ್ಲಿ ಕಾಣುತ್ತದೆ. ಕೆಜಿಎಫ್‌ನ ವಿಎಫ್‌ಎಕ್ಸ್ ಬೆಂಗಳೂರಿನ ಸ್ಟುಡಿಯೊದಿಂದಲೇ ಬಂದದ್ದು ಅಂತ ಗೊತ್ತಾದ ಮೇಲೆ ಎಷ್ಟೋ ಹುಡುಗರಿಗೆ ಇದೂ ಒಂದು ಕೆಲಸ ಅಂತ ಅನಿಸಿತು. ನನಗೆ ವೈಯಕ್ತಿಕವಾಗಿ ಮೊದಲ ಎರಡು ವರ್ಷ ಶಿಸ್ತಿನ ಕಡೆ, ಆಮೇಲೆ ಕನ್ನಡದ ಕಡೆ ಬರುವುದು ಒಳ್ಳೆಯದು ಅನಿಸುತ್ತದೆ. ಒಪ್ಪದವರೂ ಇದ್ದಾರೆ.

ಈಗ ನಿಮ್ಮ ಲೇಖನ ಬಿಟ್ಟುಬಿಟ್ಟ ಮಾತು. 2023ರಲ್ಲಿ ಹಾಲಿವುಡ್‌ನ ಲೇಖಕರು, ನಟರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಅಲ್ಲಿ ಶೂಟಿಂಗ್ ನಿಂತರೆ ಇಲ್ಲಿ ಬೆಂಗಳೂರಿನಲ್ಲಿ ರೋಟೊ ನಿಲ್ಲುತ್ತದೆ. ಮರುವರ್ಷ ಕೆಲಸ ಬಹಳ ಕಡಿಮೆಯಾಯಿತು. 2025ರ ಫೆಬ್ರುವರಿಯಲ್ಲಿ ಹಲವು ದೇಶಗಳಲ್ಲಿ ವಿಎಫ್‌ಎಕ್ಸ್ ಸ್ಟುಡಿಯೊ ನಡೆಸುತ್ತಿದ್ದ ಟೆಕ್ನಿಕಲರ್ ಸಮೂಹವೇ ಕುಸಿಯಿತು. ಬೆಂಗಳೂರಿನಲ್ಲಿ ಅದಕ್ಕೆ ದೊಡ್ಡ ಕಚೇರಿ ಇತ್ತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಇದೇನೂ ಹೊಸದಲ್ಲ. ಲೈಫ್ ಆಫ್ ಪೈ ಚಿತ್ರದ ಹುಲಿ ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ಆ ಚಿತ್ರಕ್ಕೆ ವಿಎಫ್‌ಎಕ್ಸ್ ಆಸ್ಕರ್ ಬಂತು. ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಕಂಪನಿ ಮುಳುಗಬಹುದು. ಹೀಗೆ ಮುಳುಗಿದಾಗ ಹತ್ತು ವರ್ಷ ಅನುಭವ ಇದ್ದವರು ಸಣ್ಣ ಕೆಲಸಕ್ಕೂ ಅರ್ಜಿ ಹಾಕುತ್ತಾರೆ. ಹುಬ್ಬಳ್ಳಿಯಿಂದ ರೀಲ್ ಹಿಡಿದು ಹೋದ ಹೊಸ ಹುಡುಗ ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು.

ಇದರ ಮೇಲೆ ಎಐ ಬೇರೆ. ನ್ಯೂಕ್‌ನಲ್ಲಿ 2021ರಿಂದಲೇ ಕಾಪಿಕ್ಯಾಟ್ ಅಂತ ಒಂದು ಸಾಧನ ಇದೆ. ಕೆಲವು ಫ್ರೇಮ್ ಮಾಡಿ ತೋರಿಸಿದರೆ ಉಳಿದದ್ದನ್ನು ಅದೇ ಕಲಿತು ಮಾಡುತ್ತದೆ. ರಿಸಾಲ್ವ್‌ನಲ್ಲಿ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮನುಷ್ಯನನ್ನು ಒಂದು ಗೆರೆ ಎಳೆದು ಬಿಡಿಸುವ ಸಾಧನಗಳಿವೆ. ಕೂದಲು, ಬೆರಳು, ಮಸುಕಾದ ಅಂಚು ಬಂದರೆ ಇವು ಇನ್ನೂ ಎಡವುತ್ತವೆ, ಸರಿಮಾಡಲು ಮನುಷ್ಯ ಬೇಕು. ಆದರೆ ಮೊದಲು ಐದು ಜನ ಮಾಡುತ್ತಿದ್ದುದನ್ನು ಇಬ್ಬರು ಮುಗಿಸಿದರೆ ಉಳಿದ ಮೂವರು ಎಲ್ಲಿ ಹೋಗಬೇಕು? ಹೊಸಬರು ಒಳಗೆ ಬರುತ್ತಿದ್ದ ಬಾಗಿಲೇ ರೋಟೊ. ಅದು ಕಿರಿದಾಗುತ್ತಿದೆ. ಇನ್ನೂ ಹಳೆಯ ಸಿಲಬಸ್ ಹಿಡಿದು ಬರೀ ರೋಟೊ ಕಲಿಸಿ ಕಳಿಸುವುದು ಅನ್ಯಾಯ ಅಲ್ವಾ?

ಒಂದು ದಾರಿ ನನಗೆ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ-ಹುಡುಗಿಯರಿಗೆ ಬರವಿಲ್ಲ. ದೊಡ್ಡ ಸ್ಟುಡಿಯೊಗಳಲ್ಲಿ ಟಿಡಿ (ಟೆಕ್ನಿಕಲ್ ಡೈರೆಕ್ಟರ್) ಅಂತ ಕೆಲಸ ಇರುತ್ತದೆ. ಶಾಟ್‌ಗಳು ಒಂದು ವಿಭಾಗದಿಂದ ಇನ್ನೊಂದಕ್ಕೆ ಸರಿಯಾಗಿ ಹೋಗುವಂತೆ, ಕಲಾವಿದರು ಇಡೀ ದಿನ ಮಾಡುವ ಕೆಲಸ ಒಂದು ಕ್ಲಿಕ್‌ನಲ್ಲಿ ಆಗುವಂತೆ ಪೈಥಾನ್ ಅನ್ನುವ ಕೋಡಿಂಗ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುವವರು ಅವರು. ನ್ಯೂಕ್, ಮಾಯಾ, ಹೂಡಿನಿ ಮೂರೂ ಸಾಫ್ಟ್‌ವೇರ್‌ಗೆ ಪೈಥಾನ್ ನಡೆಯುತ್ತದೆ. ಚಿತ್ರ ಬರೆಯಲು ಬರದಿದ್ದರೂ ಸಿನಿಮಾ ಮೇಲೆ ಪ್ರೀತಿ ಇರುವ ಕೋಡಿಂಗ್ ಹುಡುಗರಿಗೆ ಇದು ಒಳ್ಳೆ ಜಾಗ. ಈ ಕೆಲಸದ ಹೆಸರೇ ನಮ್ಮ ಕಾಲೇಜುಗಳಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಪುರವಣಿಯಲ್ಲೂ ಬರಲಿಲ್ಲ.

ಸರ್ಕಾರದ ಮಾತಿಗೆ ಬರುತ್ತೇನೆ. ರಾಜ್ಯದಲ್ಲಿ 2012ರಿಂದಲೇ ಅನಿಮೇಶನ್ ರಂಗಕ್ಕೆ ಅಂತ ನೀತಿ ಇದೆ, ಈಗ ನಡೆಯುತ್ತಿರುವುದು 2024ರಿಂದ 2029ರ ಎವಿಜಿಸಿ-ಎಕ್ಸ್‌ಆರ್ (ಅನಿಮೇಶನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿ. ಅದಕ್ಕೆ ಅಂತ ಕಟ್ಟಿದ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನ ಮಹದೇವಪುರದಲ್ಲಿದೆ. ಬೆಂಗಳೂರಿನ ಆಚೆಗೂ ಉದ್ಯಮ ಬೆಳೆಸಲು 'ಬಿಯಾಂಡ್ ಬೆಂಗಳೂರು' ಅಂತ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಗುಂಪು ಮಾಡಿದ್ದಾರೆ, ಸಂತೋಷ. ಆದರೆ ಆ ಭಾಷಣಗಳಲ್ಲಿ ಸಾಫ್ಟ್‌ವೇರ್ ಕಂಪನಿ, ಸ್ಟಾರ್ಟಪ್ ಮಾತು ಬರುತ್ತದೆ, ಸಿನಿಮಾ ಶಾಟ್ ಮಾಡುವವರ ಮಾತು ಬಂದದ್ದು ನಾನು ಕೇಳಿಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ಇಂದಿರಾ ಗಾಜಿನ ಮನೆ ಎದುರಿನ ಐಟಿ ಪಾರ್ಕ್‌ನಲ್ಲಿ ಒಂದು ಕೋಣೆ, ಒಳ್ಳೆಯ ಹತ್ತಿಪ್ಪತ್ತು ಕಂಪ್ಯೂಟರ್, ಕಾನೂನುಬದ್ಧ ಸಾಫ್ಟ್‌ವೇರ್, ಅಲ್ಲಿಗೆ ಧಾರವಾಡ, ಗದಗಿನ ಚಿತ್ರಕಲಾ ವಿದ್ಯಾರ್ಥಿಗಳಿಗೆ ಪ್ರವೇಶ. ನಮ್ಮ ಹಾಗೆ ಊರಿಗೆ ವಾಪಸ್ ಬಂದವರು ಅಲ್ಲಿ ಕೂತು ಕೆಲಸ ಮಾಡುತ್ತಾ ಪಾಠವನ್ನೂ ಹೇಳುತ್ತೇವೆ. ವಂದೇ ಭಾರತ್ ಹತ್ತಿ ಬೆಂಗಳೂರಿಗೆ ಟೆಸ್ಟ್ ಕೊಡಲು ಹೋಗುವ ಮೊದಲು ಹುಡುಗರು ಇಲ್ಲೇ ಒಮ್ಮೆ ಬೈಸಿಕೊಂಡು ಹೋಗಲಿ.

ಬೈಸಿಕೊಳ್ಳುವುದು ಅಂದಾಗ ನೆನಪಾಯಿತು. ಫೀಡ್‌ಬ್ಯಾಕ್ ಎಲ್ಲ ಇಂಗ್ಲಿಷ್‌ನಲ್ಲಿರುತ್ತದೆ, ನಮ್ಮ ಕಡೆ ಹುಡುಗರು ಅದಕ್ಕೇ ಹೆದರಿ ಬಾಯಿ ಬಿಡುವುದಿಲ್ಲ. ಅದೇ ನೂರಿನ್ನೂರು ಮಾತು ತಿರುಗಿ ತಿರುಗಿ ಬರುತ್ತವೆ, ತಿಂಗಳಲ್ಲಿ ರೂಢಿಯಾಗುತ್ತದೆ. ಅರ್ಥವಾಗದಿದ್ದರೆ ಕೇಳಿ. ಕೇಳದೆ ತಪ್ಪು ಮಾಡಿ ಕಳಿಸಿದರೇ ಲೀಡ್‌ಗೆ ಸಿಟ್ಟು.

ಫೀಸು ಕಟ್ಟುವ ಮುನ್ನ ತಂದೆ-ತಾಯಿ ಸಂಸ್ಥೆಯವರನ್ನು ಕೇಳಬೇಕಾದದ್ದು ಏನು? ಕಳೆದ ಬ್ಯಾಚಿನ ಹುಡುಗರು ಈಗ ಯಾವ ಸ್ಟುಡಿಯೊದಲ್ಲಿ, ಯಾವ ವಿಭಾಗದಲ್ಲಿದ್ದಾರೆ ಅಂತ ಕೇಳಿ. ಗೋಡೆಗೆ ಅಂಟಿಸಿದ ಫೋಟೊ ಬೇಡ, ಅವರಲ್ಲಿ ನಾಲ್ಕು ಜನರ ಜೊತೆ ಫೋನಿನಲ್ಲಿ ಮಾತಾಡಿಸಿ ಅನ್ನಿ. ಅವರ ರೀಲ್ ತೋರಿಸಿ ಅನ್ನಿ. ಪಾಠ ಮಾಡುವವರು ಯಾವ ಚಿತ್ರಕ್ಕೆ ಏನು ಕೆಲಸ ಮಾಡಿದ್ದಾರೆ ಕೇಳಿ. ಎಷ್ಟೋ ಕಡೆ ಹಿಂದಿನ ವರ್ಷ ಕಲಿತು ಕೆಲಸ ಸಿಗದ ಹುಡುಗನೇ ಈ ವರ್ಷದ ಮಾಸ್ತರ. ಅವನನ್ನೇ 'ಪ್ಲೇಸ್‌ಮೆಂಟ್ ಆಗಿದೆ' ಅಂತ ಲೆಕ್ಕಕ್ಕೂ ಹಿಡಿದಿರುತ್ತಾರೆ! ನಡುವೆ ಬಿಟ್ಟರೆ ಫೀಸು ಎಷ್ಟು ವಾಪಸ್ ಅನ್ನುವುದನ್ನು ಬರೆದು ಕೊಡಲಿ. ಎಲ್ಲ ಒಂದೇ ಸಲ ಕಟ್ಟಬೇಡಿ.

2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆ ಮಾರ್ಗಸೂಚಿ ತಂದಿತು. ಕೆಲಸ ಗ್ಯಾರಂಟಿ ಅಂತ ಸುಳ್ಳು ಹೇಳುವಂತಿಲ್ಲ ಅಂತ ಅದರಲ್ಲಿದೆ. ಆದರೆ ಕ್ರೀಡೆ, ನೃತ್ಯ, ರಂಗಭೂಮಿ ಮತ್ತು ಇತರ ಸೃಜನಶೀಲ ಚಟುವಟಿಕೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ವಿಎಫ್‌ಎಕ್ಸ್ ಕೋರ್ಸು ಯಾವ ಕಡೆ? ಫೀಸು ತೆಗೆದುಕೊಳ್ಳುವಾಗ ಇದು ವೃತ್ತಿ ಶಿಕ್ಷಣ, ಪ್ರಶ್ನೆ ಕೇಳಿದಾಗ ಇದು ಕಲೆ. ಹಾಗಂತ ಸುಮ್ಮನಿರಬೇಕಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹೇಗೂ ತಪ್ಪೇ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಧಾರವಾಡದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಜಾಹೀರಾತಿನ ಪುಟ, ರಸೀದಿ, ವಾಟ್ಸ್‌ಆ್ಯಪ್ ಮೆಸೇಜು ಎಲ್ಲ ಎತ್ತಿಟ್ಟುಕೊಳ್ಳಿ.

ಸಂಪಾದಕರೇ, ಜಾಹೀರಾತು ಬೇಡ ಅನ್ನಲು ನಿಮಗೆ ಆಗುವುದಿಲ್ಲ ಅಂತ ನನಗೂ ಗೊತ್ತು. ಪತ್ರಿಕೆ ನಡೆಯಬೇಕಲ್ಲ. ಆದರೆ ಅದರ ಮೇಲಿನ ಅರ್ಧ ಪುಟ ನಿಮ್ಮ ಕೈಯಲ್ಲೇ ಇದೆ. ನಿಮ್ಮ ವರದಿಗಾರರನ್ನು ಕಳಿಸಿ, ಮೂರು ವರ್ಷದ ಹಿಂದೆ ಇಲ್ಲಿಂದ ಕೋರ್ಸು ಮುಗಿಸಿದ ಒಂದು ಬ್ಯಾಚನ್ನು ಹುಡುಕಿಸಿ. ಎಷ್ಟು ಜನ ಸ್ಟುಡಿಯೊದಲ್ಲಿದ್ದಾರೆ, ಎಷ್ಟು ಜನ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದಾರೆ, ಎಷ್ಟು ಜನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದಾರೆ, ಎಷ್ಟು ಜನ ಎಲ್ಲ ಬಿಟ್ಟು ಹೊಲಕ್ಕೆ ವಾಪಸಾದರು ಅಂತ ಬರೆಯಿಸಿ. ಮದುವೆ ವಿಡಿಯೊ ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ, ಅದರಲ್ಲಿ ನನಗಿಂತ ಚೆನ್ನಾಗಿ ದುಡಿಯುವ ಗೆಳೆಯರಿದ್ದಾರೆ. ಆದರೆ ಅದಕ್ಕೆ ಎರಡು ಲಕ್ಷದ ಕೋರ್ಸು ಬೇಕಿರಲಿಲ್ಲ ಅಂತ ಅವರೇ ಹೇಳುತ್ತಾರೆ. ಆ ವರದಿ ಮುಂದಿನ ಫಲಿತಾಂಶದ ವಾರಕ್ಕೆ ಮೊದಲೇ ಬರಲಿ.

ಗದಗಿನ ಕಾಕಾ ಅವರ ಹುಡುಗನಿಗೆ, ಮೂರು ತಿಂಗಳು ಮನೆಯಲ್ಲೇ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಒಂದು ಶಾಟ್ ಮಾಡಿ ತೋರಿಸು ಅಂತ ಹೇಳಿದ್ದೇನೆ. ಅಷ್ಟು ಹೊತ್ತು ಕೂರಲು ಆದರೆ ಆಮೇಲೆ ಕೋರ್ಸಿನ ಮಾತು. ಅವನ ಹಾಗೆ ಬೇರೆ ಯಾರಾದರೂ ಇದ್ದರೆ, ರೀಲ್ ನೋಡಿ ತಪ್ಪು-ಒಪ್ಪು ಹೇಳಲು ನಾನು ಸಿದ್ಧ, ದುಡ್ಡು ಬೇಡ, ಭಾನುವಾರ ಮಾತ್ರ. ನನ್ನ ನಂಬರು ನಿಮ್ಮ ಹುಬ್ಬಳ್ಳಿ ಕಚೇರಿಯಲ್ಲಿ ಕೊಟ್ಟಿದ್ದೇನೆ, ಕೇಳಿದವರಿಗೆ ಕೊಡಿ. ಹೆಸರು ಮಾತ್ರ ಪತ್ರಿಕೆಯಲ್ಲಿ ಹಾಕಬೇಡಿ, ಈ ವರ್ಷದ ಎರಡು ಚಿತ್ರಗಳ ಪೇಮೆಂಟ್ ಇನ್ನೂ ಬರಬೇಕು.

– ಒಬ್ಬ ಕಂಪೋಸಿಟರ್, ವಿದ್ಯಾನಗರ, ಹುಬ್ಬಳ್ಳಿ